ಅಣ್ಣ ಬೂಟು ಬಿಚ್ಚಿದಾಗ

ನನ್ನ ಅಣ್ಣನ ಬಲ ಪಾದ ಸೊಟ್ಟಗಿದೆ. ಕೀಲಿನ ಹತ್ತಿರ ಮುರಿದದ್ದು ಕೂಡಿಕೊಳ್ಳುವಾಗ ಹೊರಕ್ಕೆ ತಿರುಗಿಕೊಂಡಿತು. ನಡೆದರೆ ಒಂದು ಹೆಜ್ಜೆ ಮುಂದಕ್ಕೆ, ಇನ್ನೊಂದು ಪಕ್ಕಕ್ಕೆ ಬೀಳುತ್ತದೆ. ಸುರಪುರದ ಹಳೆಯ ಮಂದಿಗೆ ಅವನ ಗುರುತು ಹೇಳಲು ಇಷ್ಟೇ ಸಾಕು: "ಬ್ರೇಕ್ ಅಂತ ತಿಳದು ರೇಸ್ ಒತ್ತಿದ್ನಲ್ಲ, ಆ ಡ್ರೈವರ." ಎಕ್ಸಿಲೇಟರಿಗೆ ನಮ್ಮ ಕಡೆ ರೇಸ್ ಎನ್ನುತ್ತಾರೆ. ಅಣ್ಣನೂ ತನ್ನ ಕಾಲಿನ ಬಗ್ಗೆ ಯಾರಾದರೂ ಕೇಳಿದರೆ ಅದನ್ನೇ ಹೇಳುತ್ತಾನೆ, ಜೊತೆಗೆ ನಗುತ್ತಾನೆ.

ಅದು ನಿಜವಲ್ಲ. ನಿಜ ಗೊತ್ತಿದ್ದವರು ಇಬ್ಬರು. ಒಬ್ಬ ಕಮ್ಮಾರ, ತನ್ನ ಮೇಲೆ ಬಂದೀತೆಂದು ಬಾಯಿ ಬಿಡದೆಯೇ ತೀರಿಕೊಂಡು ಬಹಳ ವರ್ಷವಾಯಿತು. ಇನ್ನೊಬ್ಬ ನಾನು.

ಬರೆಯುವುದರಲ್ಲಿ ಪಳಗಿದವನಲ್ಲ ನಾನು. ನಿಜಾಮನ ಕಾಲದಲ್ಲಿ ಉರ್ದು ಶಾಲೆಯಲ್ಲಿ ಮೂರು ಇಯತ್ತೆ ಓದಿದೆ. ಕನ್ನಡ ಅಕ್ಷರ ಕಲಿತದ್ದು ಮೂವತ್ತರ ಹತ್ತಿರ ಬಂದಾಗ, ಅದೂ ಸರಕಾರಿ ಜೀಪಿನ ಲಾಗ್ ಬುಕ್ ತುಂಬಲಿಕ್ಕೆ. ಎಲ್ಲಿಂದ ಹೊರಟೆ, ಎಲ್ಲಿ ಮುಟ್ಟಿದೆ, ನಡುವೆ ಎಲ್ಲಿ ನಿಂತೆ ಎಂದು ಬರೆದು ರೂಢಿ. ಯಾಕೆ ನಿಂತೆ ಎಂದು ಬರೆಯುವ ಕಾಲಂ ಅದರಲ್ಲಿ ಇರಲಿಲ್ಲ. ಈಗ ಅದನ್ನೇ ಬರೆಯಬೇಕಾಗಿದೆ.

ನಮ್ಮದು ಕುರಿ ಸಾಕುವವರ ಮನೆ. ಅಪ್ಪ ಹಿಂಡು ಹೊಡೆದುಕೊಂಡು ಕೊಂಕಲ್ ತನಕ ಹೋಗಿ, ಗೊಬ್ಬರಕ್ಕಾಗಿ ರೈತರ ಹೊಲಗಳಲ್ಲಿ ಕುರಿ ಕೂಡಿಸಿ ತಿಂಗಳುಗಟ್ಟಲೆ ಅಲ್ಲೇ ಇರುತ್ತಿದ್ದ. ಅವ್ವ ಉಣ್ಣೆ ನೂಲುತ್ತಿದ್ದಳು. ಪಡಸಾಲೆಯ ಮೂಲೆಯಲ್ಲಿ ಕಂಬಳಿ ನೇಯುವ ಗುಂಡಿಮಗ್ಗ ಇತ್ತು. ಅದರ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕಾಕಾ ಕೂರುತ್ತಿದ್ದ. ಅಣ್ಣ ನನಗಿಂತ ಏಳು ವರ್ಷಕ್ಕೆ ದೊಡ್ಡವ. ಅವನಿಗೆ ಕುರಿಯೂ ಬೇಕಿರಲಿಲ್ಲ, ಮಗ್ಗವೂ ಬೇಕಿರಲಿಲ್ಲ. ದಿಬ್ಬದ ಮೇಲೆ ಒಬ್ಬ ಜಾಗೀರದಾರರ ವಾಡೆ ಇತ್ತು. ನಾವೆಲ್ಲ ಅವರನ್ನು ಧಣಿ ಎನ್ನುತ್ತಿದ್ದೆವು. ಅವರ ಲಾಯದಲ್ಲಿ ಕುದುರೆ ಹೋಗಿ ಮೋಟಾರು ಬಂದ ಮೇಲೆ ಅಣ್ಣ ಅಲ್ಲಿಯವನೇ ಆಗಿಬಿಟ್ಟ. ಮೊದಲು ಕ್ಲೀನರ್, ಆಮೇಲೆ ಡ್ರೈವರ್. ಅವನು ಡ್ರೈವರ್ ಆದ ಮೇಲೆ ಕ್ಲೀನರ್ ಕೆಲಸಕ್ಕೆ ನನ್ನನ್ನು ಕರೆದುಕೊಂಡ.

ಮೋಟಾರು ಎರಡಿದ್ದವು. ಎರಡೂ ಓಟದ ಗಾಡಿಗಳು. ನೆತ್ತಿ ತೆರೆದವು, ಎರಡೇ ಸೀಟು, ಮುಂದೆ ಉದ್ದನೆಯ ಮೂತಿ, ನೆಲಕ್ಕೆ ಅಂಟಿಕೊಂಡಂತೆ ತಗ್ಗು. ಒಂದು ಹಸಿರು, ಯಾರೋ ಇಂಗ್ಲಿಷ್ ದೊರೆ ಬಳಸಿ ಬಿಟ್ಟದ್ದು. ಇನ್ನೊಂದು ಹಳದಿ, ಅದಕ್ಕಿಂತ ಹೊಸದು. ಧಣಿಗೆ ನಡೆಸಲು ಬರುತ್ತಿರಲಿಲ್ಲ, ಕೂರಲು ಮಾತ್ರ ಬರುತ್ತಿತ್ತು. ಒಂದು ಸೀಟಿನಲ್ಲಿ ಅಣ್ಣ, ಇನ್ನೊಂದರಲ್ಲಿ ಧಣಿ. ನಾನು ಹಿಂದಿನ ಡಿಕ್ಕಿಯ ಮುಚ್ಚಳದ ಮೇಲೆ ಕವುಚಿಕೊಂಡು ಹೋಗುತ್ತಿದ್ದೆ.

ಈ ಎರಡು ಗಾಡಿಗಳ ನಡುವೆ ಒಂದು ದೊಡ್ಡ ಭೇದ ಇತ್ತು. ಅದನ್ನು ಸರಿಯಾಗಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕ್ಲಚ್ ಎರಡರಲ್ಲೂ ಎಡಕ್ಕೇ. ಹಳದಿ ಗಾಡಿಯಲ್ಲಿ, ಈಗಿನ ಎಲ್ಲ ಗಾಡಿಗಳಲ್ಲಿ ಇರುವ ಹಾಗೆ, ನಡುವೆ ಬ್ರೇಕು, ಬಲಕ್ಕೆ ಎಕ್ಸಿಲೇಟರು. ಹಸಿರು ಗಾಡಿಯಲ್ಲಿ ಅದು ತಿರುವುಮುರುವು. ನಡುವೆ ಎಕ್ಸಿಲೇಟರು, ಬಲಕ್ಕೆ ಬ್ರೇಕು. ಹಳೆಯ ಕಾಲದ ಕೆಲವು ಗಾಡಿಗಳನ್ನು ಹಾಗೇ ಮಾಡುತ್ತಿದ್ದರಂತೆ. ಯಾಕೋ ನನಗೆ ಗೊತ್ತಿಲ್ಲ.

ಧಣಿ ಮನಸ್ಸು ನಿಂತ ಕಡೆ ನಿಲ್ಲದ ಮನುಷ್ಯ. ಬೆಳಿಗ್ಗೆ ಹಸಿರಿನಲ್ಲಿ ಶಹಾಪುರಕ್ಕೆ ಹೋಗಿಬಂದು, ಚಹಾ ಕುಡಿದು, ಹಳದಿಯಲ್ಲಿ ಯಾದಗಿರಿ ಸ್ಟೇಷನ್ನಿಗೆ ರೈಲು ನೋಡಲು ಹೊರಡುತ್ತಿದ್ದರು. ಒಂದರಿಂದ ಇಳಿದು ಇನ್ನೊಂದಕ್ಕೆ ಹತ್ತಿದರೆ ಯಾವ ಡ್ರೈವರನ ಕಾಲಾದರೂ ಗೊಂದಲಕ್ಕೆ ಬೀಳಬೇಕು. ಅಣ್ಣ ಅದಕ್ಕೆ ತಾನೇ ಒಂದು ಉಪಾಯ ಕಂಡುಕೊಂಡಿದ್ದ. ಹಳದಿ ಗಾಡಿಗೆ ಬೂಟು ಹಾಕಿಕೊಂಡು ಕೂರುತ್ತಿದ್ದ. ಹಸಿರು ಗಾಡಿಗೆ ಬರಿಗಾಲು. ಬೂಟಿನೊಳಗಿನ ಕಾಲಿಗೆ ಒಂದು ಪಾಠ, ಬರಿಗಾಲಿಗೆ ಇನ್ನೊಂದು. ತಲೆಗೆ ಕೆಲಸ ಕೊಡುತ್ತಲೇ ಇರಲಿಲ್ಲ.

"ಹಸರ ತೆಗಿಯೋ" ಎಂದು ಧಣಿ ಮಾಳಿಗೆಯಿಂದ ಕೂಗುತ್ತಿದ್ದರು. ಅಣ್ಣ ಲೇಸು ಬಿಚ್ಚಿ ಬೂಟು ತೆಗೆದಿಡುವಷ್ಟರಲ್ಲಿ, "ಬ್ಯಾಡ ಬ್ಯಾಡ, ಹಳದಿ ತೆಗಿ" ಎನ್ನುತ್ತಿದ್ದರು.

"ಧಣೇರ, ಮಾಳಿಗಿ ಇಳದು ಬಂದ ಮ್ಯಾಲ ಹೇಳ್ರಿ. ನನ್ನ ಲೇಸ ಹರದು ಹೊಂಟಾವ" ಎಂದು ಅಣ್ಣ ಕೆಳಗಿನಿಂದಲೇ ಹೇಳುತ್ತಿದ್ದ. ಧಣಿಯೂ ನಗುತ್ತಿದ್ದರು. ಜಾಗೀರದಾರರಿಗೆ ಹಾಗೆ ಎದುರು ಮಾತಾಡುವವರು ಇರಲಿಲ್ಲ. ಡ್ರೈವಿಂಗ್ ಅಣ್ಣನಿಗೆ ಆ ಸಲಿಗೆ ಕೊಟ್ಟಿತ್ತು. ಎಂಟು ವರ್ಷದಲ್ಲಿ ಅವನ ಕಾಲು ಒಮ್ಮೆಯೂ ತಪ್ಪಲಿಲ್ಲ. ಇದನ್ನು ನಾನು ಡಿಕ್ಕಿಯ ಮೇಲೆ ಕೂತು ನೋಡಿದವನು, ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ನನಗೆ ನಡೆಸಲು ಕಲಿಸಿದ್ದೂ ಅವನೇ, ಹಳದಿ ಗಾಡಿಯಲ್ಲಿ. ಧಣಿ ಮಲಗಿದ ಮಧ್ಯಾಹ್ನಗಳಲ್ಲಿ ದಿಬ್ಬದ ಕೆಳಗಿನ ಬಯಲಿನಲ್ಲಿ. ನನಗೆ ಹಳದಿ ಕೂಡಲೇ ಹತ್ತಿತು. ಹಸಿರು ಮಾತ್ರ ಕೊನೆಯವರೆಗೂ ಹತ್ತಲಿಲ್ಲ. ಬೂಟು ಬಿಚ್ಚಿ ನೋಡಿದೆ, ಹಾಕಿ ನೋಡಿದೆ. ನನ್ನ ಕಾಲಿಗೆ ಒಂದೇ ಪಾಠ.

ಆಮೇಲೆ ಪೊಲೀಸ್ ಆ್ಯಕ್ಷನ್ ಆಯಿತು. ಲಷ್ಕರದ ಲಾರಿಗಳು ಬಂದವು, ಹೋದವು. ನಮಗೆ ಏನೊಂದೂ ತಿಳಿಯುತ್ತಿರಲಿಲ್ಲ. ನಿಜಾಮ ಇದ್ದಾನೋ ಇಲ್ಲವೋ, ಅವನ ಹಾಲಿ ಸಿಕ್ಕಾ ರೂಪಾಯಿ ನಡೆಯುತ್ತದೋ ಇಲ್ಲವೋ, ಕಚೇರಿಗೆ ಹೋದರೆ ಸಲಾಂ ಅನ್ನಬೇಕೋ ನಮಸ್ಕಾರ ಅನ್ನಬೇಕೋ. ಒಬ್ಬರು ಒಂದು ಹೇಳಿದರೆ ಇನ್ನೊಬ್ಬರು ಇನ್ನೊಂದು ಹೇಳುತ್ತಿದ್ದರು. ಮರುವರ್ಷ ಜಾಗೀರು ಹೋಯಿತು. ಧಣಿ ವಾಡೆಗೆ ಬೀಗ ಹಾಕಿ ಹೈದರಾಬಾದಿಗೆ ಹೊರಟರು. ಹಳದಿ ಗಾಡಿಯನ್ನು ಯಾದಗಿರಿ ಸ್ಟೇಷನ್ನಿನಲ್ಲಿ ಗೂಡ್ಸ್ ರೈಲಿಗೆ ಏರಿಸಿದೆವು. ಹಗ್ಗ ಕಟ್ಟಿದವನು ನಾನು. ರೈಲು ಹೋದ ಮೇಲೆ ಪ್ಲಾಟ್‌ಫಾರ್ಮಿನ ಮೇಲೆ ನಿಂತು ಅತ್ತೆ. ಇಪ್ಪತ್ತು ದಾಟಿದ ಗಂಡಸು ಮೋಟಾರಿಗೆ ಅಳುವುದನ್ನು ನೋಡಿ ಟಾಂಗಾದವರು, "ಯಾಕೋ, ಅತ್ತಿ ಮನಿಗಿ ಕಳಿಸಿದೇನು ಅಕಿನ್ನ?" ಎಂದು ಚೇಷ್ಟೆ ಮಾಡಿದರು.

ಹಸಿರನ್ನು ಧಣಿ ಅಣ್ಣನಿಗೆ ಬಿಟ್ಟರು. "ಆ ಮುದುಕಿ ನಿನ್ನ ಬಿಟ್ಟು ಯಾರ ಮಾತೂ ಕೇಳಂಗಿಲ್ಲ. ನೀನ ಇಟ್ಕೋ" ಎಂದರು. ಲಾಯದ ಕೀಲಿಯನ್ನೂ ಕೊಟ್ಟರು.

ಹೀಗೆ ನಮ್ಮ ಮನೆಗೊಂದು ಗಾಡಿ ಬಂತು. ಅಣ್ಣ ಅದರಲ್ಲಿ ಮದುಮಕ್ಕಳ ಮೆರವಣಿಗೆ ಮಾಡುತ್ತಿದ್ದ. ನನಗೆ ಅದು ನನ್ನದು ಅನಿಸಲೇ ಇಲ್ಲ. ಮನೆಯಲ್ಲಿ ಗಾಡಿ ಇದೆ, ನಾನು ಮುಟ್ಟುವಂತಿಲ್ಲ. ಮುಟ್ಟಬೇಡ ಎಂದು ಅಣ್ಣ ಎಂದೂ ಹೇಳಲಿಲ್ಲ. ನನ್ನ ಕಾಲಿಗೇ ಬರುತ್ತಿರಲಿಲ್ಲ.

ಎರಡು ವರ್ಷದ ಮೇಲೆ ಧಣಿಯಿಂದ ಕಾಗದ ಬಂತು. ಹೈದರಾಬಾದಿನಲ್ಲಿ ಇಟ್ಟುಕೊಂಡ ಡ್ರೈವರ್ ಓಡಿಹೋಗಿದ್ದಾನೆ, ಇನ್ನೊಬ್ಬ ಸಿಗುವವರೆಗೆ ಬಂದು ಹಳದಿ ನಡೆಸು ಎಂದು. ಅಣ್ಣ ಬೂಟು ಒರೆಸಿಕೊಂಡು ಹೊರಟ. ಹೋಗುವಾಗ, "ಹಸರನ ವಾರಕ್ಕೊಮ್ಮಿ ಚಾಲೂ ಮಾಡಿ ಬಂದ್ ಮಾಡು. ಬ್ಯಾರೆ ಏನೂ ಬ್ಯಾಡ" ಎಂದ.

ಬೇರೆ ಎಲ್ಲವನ್ನೂ ಮಾಡಿದೆ.

ಮೊದಲು ಸೀಟು. ಚರ್ಮ ಹರಿದು ತೆಂಗಿನ ನಾರು ಹೊರಬಂದಿತ್ತು. ಅವ್ವನಿಂದ ಕೆಂಪು ಅಂಚಿನ ಕರಿ ಕಂಬಳಿ ಇಸಿದುಕೊಂಡು ಹೊದಿಸಿ ಹೊಲಿದೆ. "ಕುಂದ್ರಾಕ ಕಂಬಳಿನ ಕತ್ತರಸ್ತೀಯಲ್ಲೋ, ಮಗ್ಗಕ್ಕ ಸಿಟ್ಟು ಬರ್ತದ" ಎಂದು ಅವ್ವ ಗೊಣಗಿದಳು. ಆಮೇಲೆ ತಾನೇ ಹತ್ತಿ ಕೂತು ನೋಡಿ, "ಬೆಚ್ಚಗ ಅದ ಬಿಡು" ಎಂದಳು. ಎರಡನೆಯದು ಹಾರ್ನು. ರಬ್ಬರಿನ ಚೆಂಡು ಒಡೆದುಹೋಗಿತ್ತು. ಹಳೆಯ ಟ್ಯೂಬು ಕತ್ತರಿಸಿ ಹೊಸ ಚೆಂಡು ಕಟ್ಟಿದೆ. ಮರಿ ಕಳಕೊಂಡ ಕುರಿಯ ಹಾಗೆ ಕೂಗುತ್ತಿತ್ತು. ಮೂರನೆಯದು ಬಣ್ಣ. ಇಡೀ ಗಾಡಿಗೆ ಹಳದಿ ಬಳಿದೆ. ಯಾದಗಿರಿಯಿಂದ ರೈಲು ಹತ್ತಿ ಹೋದದ್ದು ನನ್ನ ಲಾಯಕ್ಕೆ ವಾಪಸು ಬಂದಂತೆ ಕಂಡಿತು.

ಅಷ್ಟಕ್ಕೆ ನಿಲ್ಲಿಸಬಹುದಾಗಿತ್ತು. ಆದರೆ ಹಳದಿ ಬಣ್ಣ ಹಚ್ಚಿದ ಮೇಲೆ ಅದು ಹಳದಿಯಂತೆ ನಡೆಯದಿರುವುದು ನನಗೆ ತಡೆಯದಾಯಿತು. ಊರ ಅಗಸಿ ಬಾಗಿಲ ಹತ್ತಿರ ಒಬ್ಬ ಕಮ್ಮಾರ ಇದ್ದ. ಅವನನ್ನು ಕರೆತಂದು ಗಾಡಿಯ ಅಡಿ ತೋರಿಸಿದೆ. ಬ್ರೇಕಿಗೂ ಎಕ್ಸಿಲೇಟರಿಗೂ ಕಬ್ಬಿಣದ ಸಲಾಕೆಗಳಿದ್ದವು. ಮೇಲೆ ಪೆಡಲುಗಳು ಇದ್ದಲ್ಲೇ ಇರಲಿ, ಕೆಳಗೆ ಸಲಾಕೆಗಳನ್ನು ಬಗ್ಗಿಸಿ ಇದರದ್ದು ಅದಕ್ಕೆ, ಅದರದ್ದು ಇದಕ್ಕೆ ಹಚ್ಚಿದರೆ ಸಾಕು ಎಂದು ಅವನೇ ಹೇಳಿದ.

"ನಿಮ್ಮಣ್ಣನ ಕೇಳೀಯೇನು?" ಎಂದು ಕೇಳಿದ.

"ಅವನ ಹೇಳ್ಯಾನ" ಎಂದೆ. ಅದು ಮೊದಲ ಸುಳ್ಳು.

ಎರಡು ದಿನದಲ್ಲಿ ಕೆಲಸ ಮುಗಿಯಿತು. ಮೇಲಿನಿಂದ ನೋಡಿದರೆ ಏನೂ ಬದಲಾಗಿರಲಿಲ್ಲ. ಕೂತು ಒತ್ತಿದರೆ ನಡುವೆ ಬ್ರೇಕು, ಬಲಕ್ಕೆ ಎಕ್ಸಿಲೇಟರು. ಬಯಲಿಗೆ ಇಳಿಸಿ ನಡೆಸಿದೆ. ನಡೆಯಿತು! ಮರುದಿನ ಶಹಾಪುರದವರೆಗೆ ಹೋಗಿ, ಅಲ್ಲಿನ ಗುಡ್ಡ ಮಲಗಿದ ಮನುಷ್ಯನ ಹಾಗೆ ಕಾಣುವ ತಿರುವಿನಲ್ಲಿ ನಿಲ್ಲಿಸಿ, ಇಳಿದು, ನನ್ನ ಗಾಡಿಯನ್ನು ನಾನೇ ಸುತ್ತು ಹಾಕಿ ನೋಡಿದೆ. ಅಷ್ಟು ಸಂತೋಷ ಆಮೇಲೆ ನನ್ನ ಮದುವೆಯಲ್ಲೂ ಆಗಲಿಲ್ಲ. ಹತ್ತಿಯ ಅಡತಿ ಅಂಗಡಿಯವರು ಹೊರಬಂದು ನೋಡಿದರು. "ಇದು ಪೂರಾ ನಾನ ಕಟ್ಟೀನಿ" ಎಂದು ಎಲ್ಲರಿಗೂ ಹೇಳಿದೆ.

ಅವತ್ತೇ ಶಹಾಪುರದಲ್ಲಿ ಸುದ್ದಿ ತಿಳಿಯಿತು. ಹೊಸ ಸರಕಾರದ ಒಂದು ಕಚೇರಿಗೆ ಜೀಪು ಬಂದಿದೆ, ಕಾಯಂ ಡ್ರೈವರ್ ಬೇಕಾಗಿದ್ದಾನೆ. ಎರಡೂ ನಮೂನೆಯ ಗಾಡಿ ನಡೆಸಿದ ಅಣ್ಣನನ್ನು ಬಿಟ್ಟು ಇನ್ಯಾರು? ಅವನಿಗೆ ಆ ಕೆಲಸ ಎಷ್ಟು ಬೇಕಾಗಿತ್ತೆಂದು ನನಗೆ ಗೊತ್ತಿತ್ತು. ಧಣಿ ಇಲ್ಲದ ಮೇಲೆ ಅವನು ಮತ್ತೆ ಮಗ್ಗದ ಗುಂಡಿಗೆ ಇಳಿಯಬೇಕಾದೀತೆಂದು ಹೆದರುತ್ತಿದ್ದ. "ಗುಂಡ್ಯಾಗ ಕುಂತು ಕಾಲಾಡಿಸಿದ್ರ ಎಲ್ಲಿಗೂ ಮುಟ್ಟಂಗಿಲ್ಲ" ಎನ್ನುತ್ತಿದ್ದ. ನಾನೇ ಉರ್ದುವಿನಲ್ಲಿ ಕಾಗದ ಬರೆದೆ: ಕೂಡಲೇ ಬಾ, ಕೆಲಸ ಇದೆ, ಗಾಡಿಗೆ ಬಣ್ಣ ಹಚ್ಚಿದ್ದೇನೆ. ಪೆಡಲಿನ ಮಾತು ಬರೆಯಲಿಲ್ಲ. ಕಾಗದದಲ್ಲಿ ಜಾಗ ಇತ್ತು.

ಕಚೇರಿಯ ಸಾಹೇಬರು ಮದ್ರಾಸ್ ಕಡೆಯವರು. ಸುರಪುರಕ್ಕೆ ಬೇರೆ ಕೆಲಸದ ಮೇಲೆ ಬಂದವರು, ಅಲ್ಲೇ ಅಣ್ಣನ ಪರೀಕ್ಷೆಯನ್ನೂ ಮಾಡಿಬಿಡುತ್ತೇನೆ ಎಂದರು. ಅವರ ಜೀಪು ಕೆಟ್ಟು ನಿಂತಿತ್ತು, ಆದ್ದರಿಂದ ನಮ್ಮ ಗಾಡಿಯಲ್ಲೇ ನೋಡುವುದೆಂದಾಯಿತು. ನಾನು ಗಾಡಿಯನ್ನು ವಾಡೆಯ ಮುಂದೆ ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿದೆ.

ಇಳಿಜಾರಿಗೆ ನಿಲ್ಲಿಸುವುದು ಅಣ್ಣನ ಪದ್ಧತಿ. ಆ ಗಾಡಿಯ ಮುಂದಿನ ಹ್ಯಾಂಡಲ್ ತಿರುವಿದರೆ ಹಿಂದಕ್ಕೆ ಒದೆಯುತ್ತಿತ್ತು. ಹಾಗಾಗಿ ಅವನು ಹತ್ತಿ ಕೂತು, ಕೈಬ್ರೇಕ್ ಬಿಟ್ಟು, ಕ್ಲಚ್ ಒತ್ತಿ ಹಿಡಿದು ಉರುಳಲು ಬಿಡುತ್ತಿದ್ದ. ವೇಗ ಬಂದ ಮೇಲೆ ಕ್ಲಚ್ ಬಿಟ್ಟರೆ ಇಂಜಿನ್ ತಾನೇ ಹತ್ತಿಕೊಳ್ಳುತ್ತಿತ್ತು. ಅಲ್ಲಿಯವರೆಗೆ ಬಲಗಾಲಿಗೆ ಏನೂ ಕೆಲಸ ಇರುತ್ತಿರಲಿಲ್ಲ.

ಬಸ್ಸು ತಡವಾಯಿತು. ಸಾಹೇಬರು ಎರಡು ಸಲ ಗಡಿಯಾರ ನೋಡಿದರು. ಅಣ್ಣ ಯಾದಗಿರಿಯಲ್ಲಿ ರೈಲು ಇಳಿದು, ಬಸ್ಸು ಹಿಡಿದು, ಮೈತುಂಬ ಧೂಳು ಮಾಡಿಕೊಂಡು ಬಂದ. ಗಾಡಿ ನೋಡಿ ಕಾಲು ಕಿತ್ತಿಡಲಿಲ್ಲ.

"ಇದೇನೋ ಇದು! ನಾ ಬರೋದ್ರಾಗ ಧಣೇರ ಗಾಡಿ ಹೆಂಗ ಬಂತು?"

ಎಲ್ಲರೂ ನಕ್ಕರು. "ನಿಮ್ಮ ತಮ್ಮಂದ ಕರಾಮತ್ತರಿ. ಪೂರಾ ಅವನ ಕಟ್ಟ್ಯಾನಂತ" ಎಂದು ಯಾರೋ ಹೇಳಿದರು. ಅಣ್ಣ ಸುತ್ತು ಬಂದು ಕಂಬಳಿ ಸವರಿ ನೋಡಿದ, ಹಾರ್ನ್ ಒತ್ತಿ ನಕ್ಕ. ಆಮೇಲೆ ನನ್ನ ಹತ್ತಿರ ಬಂದು ದನಿ ತಗ್ಗಿಸಿದ.

"ಬಣ್ಣ ಬಿಟ್ಟು ಬ್ಯಾರೆ ಏನರ ಮುಟ್ಟೀಯೇನು? ಖರೇ ಹೇಳು."

ಆಗ ಹೇಳಬೇಕಾಗಿತ್ತು. ಒಂದೇ ಮಾತು ಸಾಕಿತ್ತು. ಸಾಹೇಬರು ನೋಡುತ್ತಿದ್ದರು, ನಾನು ಬಡಾಯಿ ಕೊಚ್ಚಿದ ಮಂದಿಯೂ ನೋಡುತ್ತಿದ್ದರು. ಅವರೆಲ್ಲರ ಮುಂದೆ ಅಣ್ಣ ನನ್ನ ತಲೆಗೊಂದು ಬಿಗಿದು, "ಕತ್ತಿಮಗನ, ಎಲ್ಲಾ ಕೆಡಿಸಿ ಇಟ್ಟೀ" ಎನ್ನುವುದು ಕಣ್ಣಿಗೆ ಕಟ್ಟಿತು.

"ಇಲ್ಲಣ್ಣ" ಎಂದೆ.

ಆದರೂ ಒಂದು ಆಸೆ ಇತ್ತು. ಅವನು ಬೂಟು ಹಾಕಿಕೊಂಡು ಬಂದಿದ್ದ. ತಿಂಗಳುಗಟ್ಟಲೆ ಹಳದಿ ನಡೆಸಿ ಬಂದ ಕಾಲು, ಎದುರಿಗೆ ಹಳದಿ ಬಣ್ಣ. ಹಾಗೇ ಹತ್ತಿ ಕೂತರೆ ಎಲ್ಲವೂ ಸರಿಯಾಗುತ್ತದೆ. ಬಲಕ್ಕೆ ಎಕ್ಸಿಲೇಟರು, ನಡುವೆ ಬ್ರೇಕು, ಬೂಟಿನ ಪಾಠ. ಹತ್ತಿಬಿಡು, ಹಾಗೇ ಹತ್ತಿಬಿಡು ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.

ಅವನು ಬಾಗಿಲ ಹತ್ತಿರ ಹೋಗಿ ನಿಂತ. "ಬಣ್ಣ ನೋಡಿ ಮೋಸ ಹೋಗಾಂವಲ್ಲ ನಾ. ಒಳಗ ನಮ್ಮ ಮುದುಕಿನ ಇದ್ದಾಳ" ಎಂದ. ಬಗ್ಗಿ ಲೇಸು ಬಿಚ್ಚಿದ. ಒಂದು ಬೂಟು, ಆಮೇಲೆ ಇನ್ನೊಂದು. "ಹಿಡಿ" ಎಂದು ನನ್ನ ಕೈಗೆ ಕೊಟ್ಟ. ಅವು ಇನ್ನೂ ಬಿಸಿ ಇದ್ದವು.

ನಾನು ಬೂಟು ಹಿಡಿದುಕೊಂಡು ನಿಂತೆ. ಬಾಯಿ ತೆರೆದದ್ದು ನೆನಪಿದೆ.

"ಆ ಬೇವಿನ ಮರದ ಹತ್ತಿರ ನಿಲ್ಲಿಸಿ ತೋರಿಸಪ್ಪ" ಎಂದರು ಸಾಹೇಬರು.

ಗಾಡಿ ಉರುಳಿತು. ವೇಗ ಬಂತು. ಇಂಜಿನ್ ಹತ್ತಿಕೊಂಡಿತು. ಬೇವಿನ ಮರದ ನೆರಳಲ್ಲಿ ನಾಲ್ಕೈದು ಜನ ಕೂತಿದ್ದರು, ಒಬ್ಬಳು ಸೀತಾಫಲದ ಬುಟ್ಟಿ ಇಟ್ಟುಕೊಂಡಿದ್ದಳು. ಅವರಿಗೆ ಹತ್ತು ಮಾರು ದೂರ ಇರುವಾಗ ಅಣ್ಣ ಬ್ರೇಕ್ ಒತ್ತಿದ. ಅಂದರೆ ಬಲಕ್ಕೆ ಒತ್ತಿದ. ಗಾಡಿ ನಿಲ್ಲುವ ಬದಲು ಹಾರಿತು. ಅವನು ಇನ್ನೂ ಗಟ್ಟಿಯಾಗಿ ಒತ್ತಿರಬೇಕು, ಇಂಜಿನ್ನಿನ ಸದ್ದು ಮೇಲಕ್ಕೇರುತ್ತಲೇ ಹೋಯಿತು. ಕೊನೆಗೆ ಮಂದಿಯನ್ನು ತಪ್ಪಿಸಿ ಚಕ್ರ ತಿರುವಿ ಲಾಯದ ಕಲ್ಲುಗೋಡೆಗೆ ಹಾಕಿದ. ಯಾರಿಗೂ ಏನೂ ಆಗಲಿಲ್ಲ. ಅಣ್ಣನ ಬಲಗಾಲು ಪೆಡಲು ಮತ್ತು ತಗಡಿನ ನಡುವೆ ಸಿಕ್ಕಿಹಾಕಿಕೊಂಡಿತ್ತು.

ಅವನನ್ನು ಹೊರಗೆ ತೆಗೆದು ಹೊರಸಿನ ಮೇಲೆ ಮಲಗಿಸಿ ದವಾಖಾನೆಗೆ ಹೊತ್ತೊಯ್ದರು. ಅವ್ವ ಅಳುತ್ತಾ ಹಿಂದೆ ಓಡಿದಳು. ಊರಿನ ಅರ್ಧ ಮಂದಿ ಹಿಂದೆ ಹೋದರು. ನಾನು ಹೋಗಲಿಲ್ಲ.

ಇದೇ ನಾನು ಹೇಳಬೇಕಾದ ಮಾತು. ನಾನು ಹೋಗಲಿಲ್ಲ. ಎಲ್ಲರೂ ಹೋದ ಮೇಲೆ ಪಾನಾ ತೆಗೆದುಕೊಂಡು ಗಾಡಿಯ ಅಡಿ ತೂರಿದೆ. ಸಲಾಕೆಗಳನ್ನು ಬಿಚ್ಚಿ, ಬಗ್ಗಿಸಿ, ಹೊಡೆದು, ಮೊದಲಿದ್ದ ಹಾಗೆ ಹಚ್ಚಿದೆ. ಎಣ್ಣೆ ಮುಖದ ಮೇಲೆ ಸೋರುತ್ತಿತ್ತು. ಒಂದು ಬೋಲ್ಟೂ ಕೈಯಿಂದ ಜಾರಲಿಲ್ಲ. ಯಾಕೆ ಜಾರಲಿಲ್ಲ ಎಂದು ಇವತ್ತಿಗೂ ಕೇಳಿಕೊಳ್ಳುತ್ತೇನೆ.

ನಾಲ್ಕನೆಯ ದಿನ ಸಾಹೇಬರ ಜೀಪು ರಿಪೇರಿಯಾಯಿತು, ನಡೆಸುವವರಿರಲಿಲ್ಲ. ಅವರ ಜವಾನ ಮನೆಗೆ ಬಂದು ನನ್ನನ್ನು ಕೇಳಿದ. ನಾನು ಅಣ್ಣನ ಮುಖ ನೋಡಿದೆ. ಅವನು ಕಾಲಿಗೆ ಬಿದಿರಿನ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ.

"ಹೋಗೋ" ಎಂದ. "ಮನ್ಯಾಗ ಒಬ್ಬರ ಕಾಲಾದ್ರೂ ಮಾತ ಕೇಳಲಿ."

ಹೋದೆ. ನಿವೃತ್ತಿಯವರೆಗೂ ಹೋದೆ. ಹೈದರಾಬಾದ್ ರಾಜ್ಯ ಹೋಗಿ ಮೈಸೂರು ರಾಜ್ಯ ಬಂದಾಗಲೂ ಆ ಜೀಪಿನಲ್ಲೇ ಇದ್ದೆ. ಉರ್ದು ಫಾರಂ ಹೋಗಿ ಕನ್ನಡ ಫಾರಂ ಬಂತು. ಕೊನೆಯ ವರ್ಷಗಳಲ್ಲಿ ಭೀಮರಾಯನಗುಡಿ ಕ್ಯಾಂಪಿನಲ್ಲಿ ಇಂಜಿನಿಯರರನ್ನು ಕಾಲುವೆಯ ದಂಡೆಗುಂಟ ಕರೆದೊಯ್ಯುತ್ತಿದ್ದೆ. ಒಂದು ಅಪಘಾತವೂ ಮಾಡಲಿಲ್ಲ. ಬೀಳ್ಕೊಡುಗೆಯಲ್ಲಿ ಅದನ್ನೇ ಹೊಗಳಿ ಹಾರ ಹಾಕಿದರು. ಆ ಹಾರ ಅಣ್ಣನ ಕೊರಳಿಗೆ ಸೇರಬೇಕಾದದ್ದು ಎಂದು ವೇದಿಕೆಯ ಮೇಲೆ ಹೇಳೋಣ ಎಂದುಕೊಂಡಿದ್ದೆ, ಹೇಳಲಿಲ್ಲ. ಅಣ್ಣ ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಅಪಘಾತದ ನಾಲ್ಕು ತಿಂಗಳ ಮೇಲೆ ನಡೆದ ಇನ್ನೊಂದು ಸಂಗತಿ ಇದೆ. ಅಣ್ಣ ಕೋಲು ಊರಿಕೊಂಡು ನಡೆಯಲು ಶುರು ಮಾಡಿದ ಮೊದಲ ದಿನ ಲಾಯಕ್ಕೆ ಬಂದ. ಮುರಿದ ಗಾಡಿ ಅಲ್ಲೇ ಇತ್ತು, ಕಂಬಳಿಯ ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿತ್ತು. ಅವನು ಕೋಲು ಬದಿಗಿಟ್ಟು, ನೆಲದ ಮೇಲೆ ಅಂಗಾತ ಮಲಗಿ, ತೆವಳಿಕೊಂಡು ಗಾಡಿಯ ಅಡಿ ಹೋದ. "ಮ್ಯಾಲಿಂದ ನಡುವಿಂದು ಒತ್ತು" ಎಂದ. ನಾನು ಕೈಯಿಂದ ನಡುವಿನ ಪೆಡಲ್ ಒತ್ತಿದೆ. "ಈಗ ಬಲದ್ದು" ಎಂದ. ಅದನ್ನೂ ಒತ್ತಿದೆ. ಬಹಳ ಹೊತ್ತು ಒಳಗೇ ಇದ್ದ. ಹೊರಗೆ ಬಂದಾಗ ಅವನ ಮುಖದ ಮೇಲೆ ಮಣ್ಣು ಇತ್ತು.

"ಎಲ್ಲಾ ಸರಿ ಅದ" ಎಂದ. "ನನಗ ಡೌಟ್ ಇತ್ತು. ಇಲ್ಲ. ನಂದ ತಪ್ಪು. ಹೈದರಾಬಾದ್ನಾಗ ಬೂಟಿನ ಕಾಲು ಮೈಗೂಡಿಬಿಟ್ಟಿತ್ತು. ಬಿಚ್ಚಿದ್ರೂ ಬಿಚ್ಚಿರಲಿಲ್ಲ."

ಅಂದಿನಿಂದ ಅವನು ಯಾವ ಗಾಡಿಯನ್ನೂ ಮುಟ್ಟಲಿಲ್ಲ. ತಾನು ಹೆದರುತ್ತಿದ್ದ ಗುಂಡಿಗೇ ಇಳಿದ. ಗುಂಡಿಮಗ್ಗಕ್ಕೆ ಕೆಳಗೆ ಎರಡು ಕಾಲುಹಲಗೆ ಇರುತ್ತವೆ. ಒಂದನ್ನು ತುಳಿದರೆ ಅರ್ಧ ಎಳೆ ಮೇಲೇಳುತ್ತದೆ, ಇನ್ನೊಂದನ್ನು ತುಳಿದರೆ ಉಳಿದರ್ಧ. ಎಡ, ಬಲ, ಎಡ, ಬಲ. ನಾನು ಜೀಪು ಬಿಟ್ಟು ಮನೆಗೆ ಬಂದಾಗಲೆಲ್ಲ ಆ ಸದ್ದು ಕೇಳುತ್ತಿತ್ತು. ಅವನು ನೇಯ್ದ ಕಂಬಳಿಯಲ್ಲಿ ಎಳೆ ತಪ್ಪಿದ್ದನ್ನು ಯಾರೂ ತೋರಿಸಲಾರರು. ಆದರೂ ಯಾರಾದರೂ ಹೊಗಳಿದರೆ, "ಕೈ ಛಲೋ ಅದ, ಕಾಲಿನ ಭರೋಸಾ ಇಲ್ರಿ" ಎನ್ನುತ್ತಿದ್ದ.

ಮೊದಲೆಲ್ಲ ಕೆಲಸ ಹೋದೀತೆಂದು ಹೇಳಲಿಲ್ಲ. ಅವ್ವ ಇರುವಾಗ ಅವ್ವನಿಗೆ ಗೊತ್ತಾದೀತೆಂದು ಹೇಳಲಿಲ್ಲ. ಆಮೇಲೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳಲಿ ಎಂದು ಹೇಳಲಿಲ್ಲ. ಅವನು ಬಿದ್ದರೆ ಆ ಜೀಪು ನನಗೆ ಸಿಗಲಿ ಎಂಬ ಆಸೆ ಅವತ್ತು ನನ್ನೊಳಗೆ ಎಲ್ಲಾದರೂ ಇತ್ತೇ? ಇರಲಿಲ್ಲ ಎಂದೇ ಅನಿಸುತ್ತದೆ. ಆದರೆ ಮುಟ್ಟಿಲ್ಲ ಎಂದು ಅಷ್ಟು ಸಲೀಸಾಗಿ ಹೇಳಿದವನು ನಾನು. ನನ್ನ ಮಾತನ್ನು ನಾನೇ ಎಷ್ಟು ನಂಬಲಿ?

ಇದನ್ನು ಕನ್ನಡದಲ್ಲಿ ಬರೆಯಲು ಧೈರ್ಯ ಬಂದದ್ದಕ್ಕೆ ಒಂದು ಕಾರಣ ಇದೆ. ಅಣ್ಣನಿಗೆ ಓದಲು ಬರುವುದು ಉರ್ದು ಮಾತ್ರ.

ಇಷ್ಟು ಬರೆದು ಮುಗಿಸಿ ವಾರವಾಗಿತ್ತು. ಆಮೇಲೂ ಅಲ್ಲಲ್ಲಿ ತಿದ್ದುತ್ತಾ ದಿನಾ ಬೆಳಿಗ್ಗೆ ನಾನು ನೋಟ್‌ಬುಕ್ ಹಿಡಿದು ಕೂರುವುದನ್ನು ಅಣ್ಣ ನೋಡುತ್ತಲೇ ಇದ್ದ. ಅವತ್ತು ಎದುರಿಗೆ ಬಂದು ಕೂತು ಸೊಟ್ಟ ಕಾಲು ಚಾಚಿದ.

"ಏನ್ ಬರಿಯಾಕತ್ತೀದಿ ಅಷ್ಟು?"

"ಹಳೀದು. ಧಣೇರ ಗಾಡಿ ಸುದ್ದಿ."

"ನಮ್ಮ ಮುದುಕಿದು? ಓದು, ಕೇಳ್ತೀನಿ."

ಓದಿದೆ. ನಡುವೆ ಬಿಟ್ಟು ಓದಬಹುದಾಗಿತ್ತು, ಅವನಿಗೆ ಗೊತ್ತಾಗುತ್ತಿರಲಿಲ್ಲ. ಲೇಸಿನ ಮಾತು ಬಂದಾಗ ಜೋರಾಗಿ ನಕ್ಕ, ಕಂಬಳಿಯ ಹತ್ತಿರ ಅವ್ವನ ಮಾತು ಕೇಳಿ ತಾನು ಹೊದ್ದ ಕಂಬಳಿಯ ಅಂಚು ಸವರಿದ. ಕಮ್ಮಾರ ಬಂದಾಗ ಮುಂದಕ್ಕೆ ಬಗ್ಗಿದ. ಬೂಟು, ಇಳಿಜಾರು, ಬೇವಿನ ಮರ, ಪಾನಾ, ಎಲ್ಲವನ್ನೂ ಓದಿದೆ. ಕೊನೆಕೊನೆಗೆ ನನ್ನ ಅಕ್ಷರ ನನಗೇ ಕಾಣಿಸುತ್ತಿರಲಿಲ್ಲ. ಓದುವುದು ನಿಂತ ಮೇಲೆ ಅವನು ತನ್ನ ಪಾದವನ್ನೇ ನೋಡುತ್ತಾ ಕೂತಿದ್ದ, ಯಾರದೋ ಪಾದ ನೋಡುವ ಹಾಗೆ. ನಾನು ಹೊಡೆತಕ್ಕೆ ಕಾಯುತ್ತಿದ್ದೆ. ಈ ವಯಸ್ಸಿನಲ್ಲೂ ಅದೇ ಬೇಕೆನಿಸಿತ್ತು.

"ಹಂಗಾದ್ರ" ಎಂದ ಅಣ್ಣ, "ನನ್ನ ಕಾಲು ಸರಿ ಇತ್ತು."

ನಾನು ಹೌದೆಂದು ತಲೆ ಆಡಿಸಿದೆ.

"ಬರಿಗಾಲು. ಬಲಕ್ಕ ಬ್ರೇಕು. ಬಲಕ್ಕ ಒತ್ತೀನಿ. ಸರಿ ಇತ್ತಲ್ಲೋ ಹಂಗಾದ್ರ!"

ಎದ್ದು ಕೋಲು ತೆಗೆದುಕೊಂಡು ಹೊರಗೆ ಹೋದ. ಹಳೆಯ ಮಂದಿ ಕೂರುವ ಕಟ್ಟೆ ನಮ್ಮ ಮನೆಯಿಂದ ನಾಲ್ಕೇ ಹೆಜ್ಜೆ. ಅವನ ದನಿ ಒಳಗೆ ಕೇಳುತ್ತಿತ್ತು. ಪೆಡಲಿನ ಲೆಕ್ಕವನ್ನು ಅವರಿಗೆ ಮತ್ತೆ ಮತ್ತೆ ಬಿಡಿಸಿ ಹೇಳುತ್ತಿದ್ದ, ಕೋಲಿನಿಂದ ಮಣ್ಣಿನಲ್ಲಿ ಗೆರೆ ಎಳೆಯುತ್ತಿದ್ದ ಎಂದು ಕಾಣುತ್ತದೆ. ಮಧ್ಯಾಹ್ನ ಊಟಕ್ಕೆ ಬಂದು ಎಂದಿನಂತೆ ನನ್ನ ಪಕ್ಕದಲ್ಲೇ ಕೂತ. ನನ್ನನ್ನು ಬೈಯಲಿಲ್ಲ. ಶೇಂಗಾ ಚಟ್ನಿಯನ್ನು ನನ್ನ ಕಡೆ ಸರಿಸಿದ.

ಈಗ ದಿನಾ ಯಾರಾದರೂ ಸಿಕ್ಕರೆ ಆ ಕತೆ ಹೇಳುತ್ತಾನೆ. ಹೇಳುವಾಗ ನಾನೂ ಎಷ್ಟೋ ಸಲ ಪಕ್ಕದಲ್ಲಿರುತ್ತೇನೆ. ಹಾಗಾದರೆ ಕೆಳಗಿನ ಸಲಾಕೆ ಬದಲಿಸಿದವರು ಯಾರು ಎಂದು ಕೇಳುವವರು ಕೇಳಿಯೇ ಕೇಳುತ್ತಾರೆ. ಅಣ್ಣ ನನ್ನ ಕಡೆ ನೋಡುವುದಿಲ್ಲ. ನನ್ನನ್ನು ಮುಚ್ಚಿಡುತ್ತಿದ್ದಾನೋ, ದೂರ ಮಾಡುತ್ತಿದ್ದಾನೋ, ನನಗೆ ತಿಳಿಯುವುದಿಲ್ಲ.

"ಯಾವನೋ ಕ್ಲೀನರ್ ಇದ್ದ" ಎನ್ನುತ್ತಾನೆ.